ದೇವಸ್ಥಾನಕ್ಕೆ ಹೊರಟಾಗ ಏನುಡಬೇಕು?

ಶ್ರಾವಣ, ಕಾರ್ತಿಕ ಬಂತೆಂದರೆ ತಾಯಂದಿರ ಬಾಯಲ್ಲಿ ಒಂದು ದೂರು ತಪ್ಪದೇ ಕೇಳಿಬರುತ್ತದೆ. "ಮಗಳನ್ನ ದೇವಸ್ಥಾನಕ್ಕೆ ಬಾ ಅಂದ್ರೆ ಬರೋದೇ ಇಲ್ಲ ಕಣ್ರೀ, ಫೋನ್ ಹಿಡ್ಕಂಡು ಕೂತಿರ್ತಾಳೆ." ಆ ಮಗಳನ್ನು ಒಮ್ಮೆ ಪಕ್ಕದಲ್ಲಿ ಕೂರಿಸಿಕೊಂಡು ಸಮಾಧಾನವಾಗಿ ಕೇಳಿ ನೋಡಿ. ಎಷ್ಟೋ ಮನೆಗಳಲ್ಲಿ ಕಾರಣ ಫೋನ್ ಅಲ್ಲ. "ಹೋದ ಸಲ ಬಂದಾಗ ಆ ಆಂಟಿ ಎಲ್ಲರ ಮುಂದೆ ಏನಂದ್ರು, ನಿಂಗೆ ನೆನಪಿಲ್ವಾ ಅಮ್ಮಾ?" ಎಂಬ ಉತ್ತರ ಬರುತ್ತದೆ.

ಕಳೆದ ಕಾರ್ತಿಕದಲ್ಲಿ ನಾನೇ ನೋಡಿದ್ದು. ಯಾವ ದೇವಸ್ಥಾನ ಅನ್ನೋದು ಬೇಡ. ಪಿಯುಸಿ ಓದುವ ವಯಸ್ಸಿನ ಹುಡುಗಿ, ಜೀನ್ಸ್ ಪ್ಯಾಂಟು, ಮೇಲೊಂದು ಅರ್ಧ ತೋಳಿನ ಟಾಪ್. ಟ್ಯೂಷನ್ ಮುಗಿಸಿ ನೇರವಾಗಿ ಅಲ್ಲಿಗೇ ಬಂದಿದ್ದಳು, ಬ್ಯಾಗು ಇನ್ನೂ ಬೆನ್ನಲ್ಲೇ ಇತ್ತು. ಮಂಗಳಾರತಿಯ ಸಾಲಿನಲ್ಲಿದ್ದ ಹಿರಿಯರೊಬ್ಬರು, "ಇದೇನವ್ವಾ, ದೇವ್ರ ಮುಂದೆ ಬರೋ ಬಟ್ಟೆನಾ ಇದು? ನಿಮ್ಮಮ್ಮ ಹೇಳ್ಕೊಡಲಿಲ್ವಾ?" ಅಂದರು. ಅಂದಿದ್ದು ಮೆತ್ತಗೇ. ಆದರೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹುಡುಗಿ ಹೊರಗೆ ಹೋಗಿ ಚಪ್ಪಲಿ ಬಿಡುವ ಜಾಗದಲ್ಲಿ ಕೂತುಬಿಟ್ಟಳು. ಅವಳಮ್ಮ ತೀರ್ಥ ತಂದರೆ ಕೈಯನ್ನೂ ಚಾಚಲಿಲ್ಲ. ಅದೇ ಸಾಲಿನಲ್ಲಿ ಬರ್ಮುಡಾ ಚಡ್ಡಿ ತೊಟ್ಟ ಹುಡುಗರಿಬ್ಬರು ಆರಾಮವಾಗಿ ನಿಂತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ.

ಹಾಗಂತ ದೇವರ ಮುಂದೆ ಹೇಗೆ ಬೇಕಾದರೂ ಹೋಗಬಹುದು ಅಂತ ನಾನು ಹೇಳುವುದಿಲ್ಲ. ಮದುವೆ ಮನೆಗೆ ಒಂದು ಉಡುಪು, ಸಾವಿನ ಮನೆಗೆ ಒಂದು ಉಡುಪು ಅಂತ ನಾವು ಆರಿಸಿಕೊಳ್ಳುವುದಿಲ್ಲವೇ? ದೇವಸ್ಥಾನಕ್ಕೂ ಒಂದು ರೀತಿ ಇದ್ದರೆ ತಪ್ಪೇನಿಲ್ಲ. ಆದರೆ ಆ ರೀತಿಯನ್ನು ಹೇಳುವ ಜಾಗ ಮನೆಯ ಬೀರುವಿನ ಮುಂದೆ, ಹೊರಡುವ ಮೊದಲು. ಗರ್ಭಗುಡಿಯ ಮುಂದೆ, ಹತ್ತು ಜನರ ಎದುರಿಗಲ್ಲ. ಬಾಗಿಲಿಗೆ ಬಂದ ಮಗುವನ್ನು ಬಟ್ಟೆಯ ಕಾರಣಕ್ಕೆ ವಾಪಸ್ ಕಳಿಸಿದರೆ ಅವಳು ಮುಂದಿನ ವಾರ ಸೀರೆ ಉಟ್ಟು ಬರುವುದಿಲ್ಲ, ಬರುವುದನ್ನೇ ಬಿಡುತ್ತಾಳೆ.

ನಮ್ಮಲ್ಲಿ ಒಂದು ಗೊಂದಲವಿದೆ. ಮಡಿ ಬೇರೆ, ಮೈ ಮುಚ್ಚುವ ಮರ್ಯಾದೆ ಬೇರೆ. ಎರಡನ್ನೂ ಒಂದೇ ಗಂಟು ಕಟ್ಟಿಬಿಟ್ಟಿದ್ದೇವೆ. ಮಡಿಯಲ್ಲಿ ಹೊಲಿದ ಬಟ್ಟೆ ಸಲ್ಲದು ಎಂದು ಹಿಂದಿನ ಕಾಲದ ಅಜ್ಜಿಯರು ರವಿಕೆ ಇಲ್ಲದೆ ಬರೀ ಸೀರೆಯಲ್ಲೇ ನೈವೇದ್ಯದ ಅಡುಗೆ ಮಾಡುತ್ತಿದ್ದರು. ಇವತ್ತು ಸ್ಲೀವ್‌ಲೆಸ್ ಕಂಡರೆ ಮುಖ ಸಿಂಡರಿಸುವವರ ಮನೆಯ ದೇವರಕೋಣೆಯಲ್ಲೇ ನಡೆಯುತ್ತಿದ್ದದ್ದು ಅದು! ಅಜ್ಜಿಯನ್ನು ಯಾರಾದರೂ ಮರ್ಯಾದೆ ಇಲ್ಲದವಳು ಅಂದರೇ?

ಒದ್ದೆ ಬಟ್ಟೆಯ ಹರಕೆಯನ್ನೂ ನೋಡಿ. ಉರುಳು ಸೇವೆಗೆ, ಹೆಜ್ಜೆ ನಮಸ್ಕಾರಕ್ಕೆ ತಣ್ಣೀರು ಹಾಕಿಕೊಂಡು ತೊಟ್ಟಿಕ್ಕುವ ಸೀರೆಯಲ್ಲೇ ಹೆಣ್ಣುಮಕ್ಕಳು ಬರುತ್ತಾರೆ. ತೆಳ್ಳನೆಯ ಸೀರೆ ಮೈಗೆ ಅಂಟಿಕೊಂಡಿರುತ್ತದೆ, ಸುತ್ತ ಜಾತ್ರೆಯ ಜನ, ಈಗಂತೂ ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವ ಫೋನು. ಅಲ್ಲಿ ಯಾರೂ ಸಭ್ಯತೆಯ ಮಾತೆತ್ತುವುದಿಲ್ಲ, ಯಾಕಂದ್ರೆ ಅದು ಭಕ್ತಿ. ಜೀನ್ಸ್ ತೊಟ್ಟವಳ ಭಕ್ತಿ ಮಾತ್ರ ಅನುಮಾನದ್ದು! ಹರಕೆ ಹೊತ್ತವರಿಗೆ ನನ್ನ ಸಲಹೆ ಇಷ್ಟೆ: ಗಾಢ ಬಣ್ಣದ ದಪ್ಪ ಕಾಟನ್ ಸೀರೆ ಅಥವಾ ಒಳಗೆ ಅಸ್ತರ್ ಇರುವ ಸಲ್ವಾರ್ ಹಾಕಿಕೊಳ್ಳಿ. ತಿಳಿ ಬಣ್ಣದ ಸಿಂಥೆಟಿಕ್ ಬೇಡವೇ ಬೇಡ. ಸೇವೆ ಮುಗಿದ ಕೂಡಲೇ ಹೊದೆಯಲು ದೊಡ್ಡ ಟವೆಲ್ ಹಿಡಿದು ಮನೆಯವರೊಬ್ಬರು ಜೊತೆಗೇ ನಡೆಯಲಿ.

ನಮ್ಮ ಬಯಲುಸೀಮೆಯ ಮಾರಮ್ಮ, ದುಗ್ಗಮ್ಮನ ಜಾತ್ರೆಗಳಲ್ಲಿ ಬೇವಿನ ಉಡುಗೆಯ ಹರಕೆ ಇತ್ತು. ಬಟ್ಟೆಯ ಬದಲು ಬೇವಿನ ಸೊಪ್ಪು. ಸೊರಬದ ಚಂದ್ರಗುತ್ತಿಯ ರೇಣುಕಾಂಬೆಯ ಬೆತ್ತಲೆ ಸೇವೆ ನಿಂತದ್ದು 1986ರ ಗಲಭೆಯ ನಂತರ, ಸರ್ಕಾರ ನಿಷೇಧ ಹೇರಿದ ಮೇಲೆ. ಅದನ್ನು ತಡೆಯಲು ಹೋದವರ ಮೇಲೆ, ಪೊಲೀಸರ ಮೇಲೆ ಆ ವರ್ಷ ಭಕ್ತರ ಗುಂಪೇ ಹಲ್ಲೆ ಮಾಡಿತ್ತು. ಅಂದರೆ ಅಲ್ಲಿ ಬಟ್ಟೆ ತೊಡಿಸುವುದೇ ದೇವರಿಗೆ ಅಪಚಾರ ಎಂದು ಜನ ನಂಬಿದ್ದರು. ನಿಂತದ್ದು ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಈಗ ಎಷ್ಟೋ ಕಡೆ ಸೀರೆಯ ಮೇಲೆಯೇ ಬೇವಿನ ಸೊಪ್ಪು ಕಟ್ಟಿಕೊಂಡು ಹರಕೆ ತೀರಿಸುತ್ತಾರೆ. ಅಮ್ಮ ಮುನಿದಂತೆ ಕಾಣಲಿಲ್ಲ.

ಇನ್ನು ಅಕ್ಕಮಹಾದೇವಿ. ನಮ್ಮ ಜಿಲ್ಲೆಯಲ್ಲಿ ಮಠಗಳಿಗೇನು ಕಮ್ಮಿ? ಅಕ್ಕನ ಫೋಟೋ ಇಲ್ಲದ ಶರಣರ ಮನೆ ಇಲ್ಲ, ಅಕ್ಕನ ಬಳಗ ಇಲ್ಲದ ಊರಿಲ್ಲ. ಉಟ್ಟ ಬಟ್ಟೆಯನ್ನೂ ಬಿಟ್ಟು, ಕೂದಲನ್ನೇ ಹೊದ್ದು ಹೊರಟ ಹನ್ನೆರಡನೇ ಶತಮಾನದ ಆ ಹೆಣ್ಣುಮಗಳಿಗೆ ಕೈಮುಗಿದು, ಹೊರಗೆ ಬಂದ ಕೂಡಲೇ ಪಕ್ಕದವಳ ತೋಳಿನ ಅಳತೆ ಹಿಡಿಯುತ್ತೇವೆ. ಅಕ್ಕನ ದಾರಿ ನಮ್ಮಂಥ ಸಂಸಾರಸ್ಥರದ್ದಲ್ಲ, ಗೊತ್ತು. ಆದರೂ ಅನುಭವ ಮಂಟಪದಲ್ಲಿ ಅಲ್ಲಮಪ್ರಭು ಅವಳನ್ನು ಎಲ್ಲರೆದುರು ಪ್ರಶ್ನೆ ಮಾಡಿದರೂ ಕೊನೆಗೆ ಒಳಗೆ ಕರೆದುಕೊಂಡರು, ಹೊರಗೆ ಕಳಿಸಲಿಲ್ಲ ಎಂಬುದನ್ನು ಅಕ್ಕನ ಬಳಗದವರಾದರೂ ನೆನೆಯಬೇಕು.

ಬೋರ್ಡು ಹಾಕುವ ಕಾಲ

ಈಗ ದೊಡ್ಡ ದೇವಸ್ಥಾನಗಳ ಬಾಗಿಲಲ್ಲಿ ವಸ್ತ್ರಸಂಹಿತೆಯ ಬೋರ್ಡು ಬಂದಿದೆ. ಗೋಕರ್ಣದಲ್ಲಿ 2018ರಲ್ಲಿ ಬಂತು. ಶೃಂಗೇರಿಯಲ್ಲಿ 2024ರ ಆಗಸ್ಟ್ 15ರಿಂದ ಭಾರತೀಯ ಸಾಂಪ್ರದಾಯಿಕ ಉಡುಪು ಕಡ್ಡಾಯವಾಯಿತು. ಗಂಡಸರಿಗೆ ಪಂಚೆ, ಶಲ್ಯ. ಹೆಂಗಸರಿಗೆ ಸೀರೆ, ಲಂಗ ದಾವಣಿ ಅಥವಾ ದುಪ್ಪಟ್ಟಾ ಸಮೇತ ಸಲ್ವಾರ್. ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ 2024ರ ಜನವರಿಯಲ್ಲಿ ನಿಯಮ ತಂದಾಗ ಜೀನ್ಸ್, ಬರ್ಮುಡಾ ತೊಟ್ಟು ಬಂದವರಿಗೆ ಪಂಚೆ, ಶಲ್ಯ ಕೊಟ್ಟು ಒಳಗೆ ಬಿಡುವ ವ್ಯವಸ್ಥೆ ಮಾಡಿದರು. ನನಗೆ ಹಿಡಿಸಿದ್ದು ಈ ಹಂಪಿಯ ದಾರಿ. ನಿಯಮವೂ ಉಳಿಯಿತು, ದೂರದಿಂದ ಬಂದವರ ದರ್ಶನವೂ ತಪ್ಪಲಿಲ್ಲ.

ಈ ನಿಯಮಗಳು ಸಾವಿರ ವರ್ಷ ಹೀಗೇ ಇದ್ದವು ಅಂದುಕೊಳ್ಳಬೇಡಿ. ಇವತ್ತು ನಾವು ಸಂಭಾವಿತ ಉಡುಪು ಅನ್ನುವ ಚೂಡಿದಾರ್‌ಗೇ ಗುರುವಾಯೂರಿನಲ್ಲಿ 2007ರವರೆಗೆ ಪ್ರವೇಶವಿರಲಿಲ್ಲ. ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನದಲ್ಲಿ 2016ರ ನವೆಂಬರ್‌ನಲ್ಲಿ ಅಧಿಕಾರಿಗಳು ಚೂಡಿದಾರ್‌ಗೆ ಒಪ್ಪಿದರು. ಡಿಸೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಬೇಡ ಅಂದಿತು. ಆಮೇಲೆ ಚೂಡಿದಾರ್ ಮೇಲೆಯೇ ಒಂದು ಮುಂಡು ಸುತ್ತಿಕೊಂಡು ಒಳಗೆ ಹೋದ ನಮ್ಮ ಕಡೆಯ ಹೆಣ್ಣುಮಕ್ಕಳೇ ಎಷ್ಟೋ ಜನ ಇದ್ದಾರೆ. ಪೂರ್ತಿ ಮೈ ಮುಚ್ಚಿದ ಬಟ್ಟೆಯ ಮೇಲೆ ಇನ್ನೊಂದು ಬಟ್ಟೆ! ಅಲ್ಲಿ ತಕರಾರು ಮೈ ಕಾಣುವುದರ ಬಗ್ಗೆ ಅಲ್ಲವೇ ಅಲ್ಲ, ಸಂಪ್ರದಾಯದ ಬಗ್ಗೆ. ಗಂಡಸರು ಅಂಗಿ ಬಿಚ್ಚಿದರೆ ಮಾತ್ರ ಒಳಗೆ ಬಿಡುವುದೂ ಅದೇ ದೇವಸ್ಥಾನ. ನಮ್ಮ ಧರ್ಮಸ್ಥಳದಲ್ಲೂ ಗಂಡಸರು ಅಂಗಿ, ಬನಿಯನ್ ತೆಗೆದೇ ಮಂಜುನಾಥನ ಮುಂದೆ ನಿಲ್ಲುವುದು.

ಅದೇ ಕೇರಳ ಟೂರ್‌ನಲ್ಲಿ ಕೊಚ್ಚಿಗೂ ಹೋಗುತ್ತೀರಲ್ಲ, ಅಲ್ಲಿ ಮಟ್ಟಾಂಚೇರಿಯಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರವಿದೆ. ಸಿನಗಾಗ್ ಅನ್ನುತ್ತಾರೆ. 1568ರಲ್ಲಿ ಕಟ್ಟಿದ್ದು. ನೆಲಕ್ಕೆ ಚೀನಾದಿಂದ ತರಿಸಿದ ನೀಲಿ ಚಿತ್ರದ ಬಿಳಿ ಟೈಲ್ಸ್ ಇದೆ, ಅದಕ್ಕೇ ಎಲ್ಲರೂ ನೋಡಲು ಹೋಗುವುದು. ಅಲ್ಲೂ ಚಪ್ಪಲಿ ಹೊರಗೆ ಬಿಡಬೇಕು. ಬೇರೆ ದೇಶಗಳ ಸಿನಗಾಗ್‌ಗಳಲ್ಲಿ ಸಾಮಾನ್ಯವಾಗಿ ಇಲ್ಲದ ಪದ್ಧತಿ ಇದು, ನಮ್ಮ ನೆಲದಲ್ಲಿ ಬಾಳಿ ಬಂದದ್ದು. ಚಡ್ಡಿ, ತೋಳಿಲ್ಲದ ಬಟ್ಟೆಗೆ ಪ್ರವೇಶವಿಲ್ಲ. ಶನಿವಾರ ಅವರ ವಿಶ್ರಾಂತಿಯ, ಪ್ರಾರ್ಥನೆಯ ದಿನ, ಅವತ್ತು ಪ್ರವಾಸಿಗರನ್ನು ಬಿಡುವುದಿಲ್ಲ. ಟೂರ್ ಪ್ಲಾನ್ ಮಾಡುವಾಗ ನೆನಪಿರಲಿ.

ಯಹೂದಿಗಳಲ್ಲಿ ಕಟ್ಟುನಿಟ್ಟಿನ ಸಂಪ್ರದಾಯಸ್ಥರ ಕ್ರಮ ಕೇಳಿದರೆ ನಮ್ಮ ಅಜ್ಜಿಯರೇ ನೆನಪಾಗುತ್ತಾರೆ. ಹೆಂಗಸರ ತೋಳು ಮೊಣಕೈ ದಾಟಬೇಕು, ಲಂಗ ಮೊಣಕಾಲಿನ ಕೆಳಗೆ ಇಳಿಯಬೇಕು, ಕತ್ತು ತೀರಾ ಅಗಲವಿರಬಾರದು. ಮದುವೆಯಾದವಳು ಕೂದಲು ಮುಚ್ಚಬೇಕು. ಕೆಲವರು ಸ್ಕಾರ್ಫ್ ಕಟ್ಟುತ್ತಾರೆ, ಕೆಲವರು ಟೋಪಿ ಹಾಕುತ್ತಾರೆ, ವಿಗ್ ತೊಡುವವರೂ ಇದ್ದಾರೆ. ತಲೆ ಮೇಲೆ ಸೆರಗು ಹೊದ್ದು ಲಿಂಗಪೂಜೆಗೆ ಕೂರುವ ನಮ್ಮ ಹಿರಿಯರಿಗೆ ಇದು ಹೊಸದೇನಲ್ಲ. ಉದಾರ ಪಂಥದ ಯಹೂದಿಗಳಲ್ಲಿ ಇಷ್ಟೆಲ್ಲ ಬಿಗಿ ಇಲ್ಲ. ಕೊಂಕಣ, ಮುಂಬೈ ಕಡೆಯ ಬೆನೆ ಇಸ್ರೇಲಿ ಯಹೂದಿ ಹೆಂಗಸರು ಸೀರೆಯುಟ್ಟೇ ಸಿನಗಾಗ್‌ಗೆ ಹೋಗುತ್ತಿದ್ದವರು. ಗಾಣ ಆಡಿಸಿ ಎಣ್ಣೆ ತೆಗೆಯುತ್ತಿದ್ದ ಜನ, ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಅವರನ್ನು ಶನಿವಾರದ ತೇಲಿಗಳು ಅಂತಲೇ ಕರೆಯುತ್ತಿದ್ದರಂತೆ. 1948ರಲ್ಲಿ ಇಸ್ರೇಲ್ ದೇಶವಾದ ಮೇಲೆ ಬಹುಪಾಲು ಜನ ಅಲ್ಲಿಗೆ ಹೋದರು.

ಇದು ನಮಗೆ ದೂರದ ಕತೆಯೇನಲ್ಲ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಹೆಣ್ಣುಮಕ್ಕಳು ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಿದ್ದಾರೆ. ಆರೈಕೆ ಮಾಡುವ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಪ್ರಾರ್ಥನೆಗೆ ಕರೆದೊಯ್ಯಬೇಕಾದರೆ ಇವರೂ ಆ ಮನೆಯ ರೀತಿಗೆ ತಕ್ಕಂತೆ ಉಡಬೇಕು. ಉದ್ದ ತೋಳಿನ ಚೂಡಿದಾರ್ ಟಾಪ್, ಕೆಳಗೆ ಉದ್ದ ಲಂಗ ಇದ್ದರೆ ಯಾವ ಸಿನಗಾಗ್‌ನಲ್ಲೂ ಸಲ್ಲುತ್ತದೆ. ಸಂಪ್ರದಾಯಸ್ಥರ ಕಡೆ ಹೆಂಗಸರಿಗೆ ಪ್ಯಾಂಟು ಒಗ್ಗುವುದಿಲ್ಲ. ಶನಿವಾರ ಅಲ್ಲಿ ಫೋನ್ ತೆಗೆಯಲೂಬಾರದು.

ನನ್ನ ಮನಸ್ಸು ಹಿಡಿದದ್ದು ಅವರ ಒಂದು ಪದ. ಈ ರೀತಿನೀತಿಗೆಲ್ಲ ಹೀಬ್ರೂ ಭಾಷೆಯಲ್ಲಿ ತ್ಸ್ನಿಯುತ್ ಅನ್ನುತ್ತಾರೆ. ಅದರಲ್ಲಿ ಬಟ್ಟೆಯ ಅಳತೆಯಷ್ಟೇ ಇಲ್ಲ, ಮೆರೆಯದೆ ಇರುವುದು, ತಗ್ಗಿ ನಡೆಯುವುದು ಎಂಬ ಅರ್ಥವೂ ಇದೆ. ಹೆಂಗಸರಿಗೆ ಹೇಳಿದಷ್ಟೇ ಗಂಡಸರಿಗೂ ಹೇಳಿದ್ದು. ಅವರಲ್ಲಿ ಗಂಡಸರೂ ತಲೆಗೆ ಪುಟ್ಟ ಟೋಪಿ ಇಲ್ಲದೆ ಪ್ರಾರ್ಥನೆಗೆ ನಿಲ್ಲುವುದಿಲ್ಲ.

ಆ ಅರ್ಥ ಹಿಡಿದು ನಮ್ಮ ಜಾತ್ರೆಯ ಸಾಲನ್ನೊಮ್ಮೆ ನೋಡೋಣ. ಸ್ಲೀವ್‌ಲೆಸ್ ಹುಡುಗಿಗೆ ಬುದ್ಧಿ ಹೇಳುವವರ ಕೊರಳಲ್ಲಿ ಮಾಂಗಲ್ಯದ ಜೊತೆ ಎರಡೆಳೆ ಸರ, ಕಾಸಿನ ಸರ, ಹವಳದ ಸರ. ಮೇಲೆ ಜರಿ ಸೀರೆ. ಹಿಂದೆ ನಿಂತ ಹೂ ಮಾರುವಾಕೆ ತನ್ನ ಹಳೇ ಸೀರೆಯ ಸೆರಗನ್ನು ಎಳೆದೆಳೆದು ಮುಚ್ಚಿಕೊಳ್ಳುತ್ತಿರುತ್ತಾಳೆ. ಮೈ ಪೂರ್ತಿ ಮುಚ್ಚಿದೆ, ನಿಜ. ಸಂಕೋಚ ಪಡುತ್ತಿರುವುದು ಮಾತ್ರ ಅವಳು. ಹಬ್ಬಕ್ಕೆ ಚಿನ್ನ ಹಾಕಬೇಡಿ ಅಂದರೆ ನೀವು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಸಭ್ಯ ಉಡುಪಿನ ಮಾತು ಬಂದಾಗ ಇದೂ ಲೆಕ್ಕಕ್ಕೆ ಬರಬೇಕಲ್ಲವೇ? ತೇರಿನ ನೂಕುನುಗ್ಗಲಲ್ಲಿ ಸರ ಕಳೆದುಕೊಂಡು ಅಳುತ್ತಾ ಬರುವುದಂತೂ ಬೇರೆಯೇ ಮಾತು.

ನೈಟಿ ಮೇಲೊಂದು ದುಪ್ಪಟ್ಟಾ

ಒಂದು ಮಾತು ಹೇಳಿದರೆ ಬೇಜಾರು ಮಾಡಿಕೊಳ್ಳಬಾರದು. ಬೆಳಿಗ್ಗೆ ಹಾಲಿಗೆ ಹೋಗುವ ದಾರಿಯಲ್ಲೇ ಬೀದಿಯ ಗಣಪತಿ ಗುಡಿಗೆ ಒಂದು ಸುತ್ತು ಹಾಕಿ ಬರುವಾಗ ನಮ್ಮಲ್ಲಿ ಎಷ್ಟು ಜನ ನೈಟಿ ಮೇಲೆ ದುಪ್ಪಟ್ಟಾ ಹೊದ್ದಿರುತ್ತೇವೆ? ಟವೆಲ್ ಹೊದ್ದವರನ್ನೂ ಕಂಡಿದ್ದೇನೆ. ಗಣಪತಿ ಏನೂ ಅಂದುಕೊಳ್ಳುವುದಿಲ್ಲ ಬಿಡಿ. ಆದರೆ ಮಲಗಿದ್ದ ಬಟ್ಟೆಯಲ್ಲಿ ನಾವು ಹೋಗಬಹುದು, ಕಾಲೇಜಿನಿಂದ ಜೀನ್ಸ್‌ನಲ್ಲಿ ಮಗಳು ಬರಬಾರದು ಅಂದರೆ ಆ ಮಗು ನಗದೆ ಏನು ಮಾಡೀತು?

ಉಡುಪು ಆರಿಸುವಾಗ ನಾನು ನೋಡುವುದು ಒಂದೇ. ಅಲ್ಲಿ ಹೋಗಿ ಈ ಮೈ ಏನೇನು ಮಾಡಬೇಕು? ಬಗ್ಗಬೇಕು, ಚಕ್ಕಳಮಕ್ಕಳ ಹಾಕಿ ಕೂರಬೇಕು, ಮಂಡಿಯೂರಿ ನಮಸ್ಕಾರ ಮಾಡಬೇಕು, ಕೈ ಎತ್ತಿ ಗಂಟೆ ಬಾರಿಸಬೇಕು, ನೂಕುವ ಜನರ ನಡುವೆ ನಿಲ್ಲಬೇಕು. ಮನೆಯ ಕನ್ನಡಿ ಮುಂದೆ ಇದನ್ನೆಲ್ಲ ಒಮ್ಮೆ ಮಾಡಿ ನೋಡಿ. ಸೊಂಟದವರೆಗೆ ಸೀಳಿರುವ ಟಾಪ್‌ಗೆ ಮೈಗಂಟುವ ಲೆಗ್ಗಿಂಗ್ ಹಾಕಿದರೆ ಬಗ್ಗಿದಾಗ ಗೊತ್ತಾಗುತ್ತದೆ. ಬೆನ್ನು ಪೂರ್ತಿ ಕಾಣುವಂತೆ ದಾರ ಕಟ್ಟಿದ ಡಿಸೈನರ್ ಬ್ಲೌಸ್ ಹಾಕಿದರೂ ಅಷ್ಟೆ. ಸೀರೆ ಅಂದಾಕ್ಷಣ ಸಭ್ಯ, ಪ್ಯಾಂಟು ಅಂದಾಕ್ಷಣ ಅಸಭ್ಯ ಅಂತೇನಿಲ್ಲ. ಸಡಿಲವಾದ ಜೀನ್ಸ್ ಮೇಲೆ ಮೊಣಕಾಲುದ್ದದ ಕಾಟನ್ ಕುರ್ತಾ ಹಾಕಿದ ಹುಡುಗಿ, ಜಾರುವ ನೆಟ್ ಸೀರೆಯನ್ನು ಹತ್ತು ಪಿನ್ ಹಾಕಿ ನಿಲ್ಲಿಸಿಕೊಂಡ ಅವಳ ಚಿಕ್ಕಮ್ಮನಿಗಿಂತ ನಿಶ್ಚಿಂತೆಯಿಂದ ಕೈಮುಗಿಯುತ್ತಾಳೆ.

ನಮ್ಮೂರಿನ ಜಾಗಗಳನ್ನೇ ತೆಗೆದುಕೊಳ್ಳಿ. ದುರ್ಗದ ಕೋಟೆಯೊಳಗೆ ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರನ ದರ್ಶನಕ್ಕೆ ಹೋಗುವುದೆಂದರೆ ಬಂಡೆ ಹತ್ತಬೇಕು, ಮೆಟ್ಟಿಲು ಇಳಿಯಬೇಕು. ರೇಷ್ಮೆ ಸೀರೆಯ ನೆರಿಗೆ ಕಾಲಿಗೆ ಸಿಕ್ಕಿ ಬೀಳುವುದಕ್ಕಿಂತ ಸಲ್ವಾರ್ ಕಮೀಜ್ ಎಷ್ಟೋ ಮೇಲು. ಸೀರೆಯೇ ಬೇಕೆನ್ನುವವರು ಕಾಟನ್ ಸೀರೆಯನ್ನು ಪಾದದಿಂದ ಎರಡು ಬೆರಳು ಮೇಲೆ ಉಡಿ, ಒಳಗೆ ಕಾಟನ್ ಲಂಗ ಇರಲಿ. ಮಧ್ಯಾಹ್ನದ ಹೊತ್ತಿಗೆ ಬಂಡೆ ಕಾದ ಹೆಂಚಿನಂತಿರುತ್ತದೆ, ಚಪ್ಪಲಿ ಬಿಟ್ಟ ಮೇಲೆ ಅಂಗಾಲು ಸುಡುತ್ತದೆ. ಬೆಳಿಗ್ಗೆಯೇ ಹೋಗಿ ಬನ್ನಿ. ಹೊಳಲ್ಕೆರೆಯ ಬಯಲು ಗಣಪತಿಗೆ ಪ್ರದಕ್ಷಿಣೆ ಹಾಕುವಾಗಲೂ ಬಿಸಿಲಿನ ಲೆಕ್ಕ ಇಟ್ಟುಕೊಳ್ಳಿ. ಹಿರಿಯೂರಿನ ತೇರುಮಲ್ಲೇಶ್ವರನ ರಥೋತ್ಸವದಲ್ಲಿ ತೇರಿನ ಹತ್ತಿರ ಹೋಗುವವರು ನೇತಾಡುವ ದುಪ್ಪಟ್ಟಾ, ಉದ್ದ ಸೆರಗು ಎರಡನ್ನೂ ಸೊಂಟಕ್ಕೆ ಸಿಕ್ಕಿಸಬೇಕು. ಇದು ಮರ್ಯಾದೆಯ ಮಾತಲ್ಲ, ಜೀವದ್ದು. ಸಿರಿಗೆರೆ, ಸಾಣೇಹಳ್ಳಿಯಂಥ ಕಡೆ ಕಾರ್ಯಕ್ರಮಕ್ಕೆ ಹೋದರೆ ಗಂಟೆಗಟ್ಟಲೆ ಕೂರುವುದಿರುತ್ತದೆ, ಬಿಗಿ ಬಟ್ಟೆ ಬೇಡ.

ವಾಣಿವಿಲಾಸ ಸಾಗರದ ಕಣಿವೆ ಮಾರಮ್ಮನ ಕತೆ ಸ್ವಲ್ಪ ಬೇರೆ. 1933ರ ನಂತರ 89 ವರ್ಷ ಕಾದು 2022ರಲ್ಲಿ ಡ್ಯಾಂ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಅಲ್ಲಿಗೆ ಹೋಯಿತು. ನೀರು ನೋಡಲು ಬಂದವರು ಪಿಕ್ನಿಕ್ ಬಟ್ಟೆಯಲ್ಲೇ ಬರುತ್ತಾರೆ, ಬಂದ ಮೇಲೆ ಅಮ್ಮನಿಗೂ ಕೈಮುಗಿದು ಹೋಗೋಣ ಅನ್ನಿಸುತ್ತದೆ. ಅನ್ನಿಸಿದ್ದು ಒಳ್ಳೆಯದೇ ಅಲ್ವಾ? ಅದಕ್ಕೇ ಕಾರಿನಲ್ಲೋ ಹ್ಯಾಂಡ್‌ಬ್ಯಾಗಿನಲ್ಲೋ ಒಂದು ಕಾಟನ್ ದುಪ್ಪಟ್ಟಾ, ಒಂದು ಪಂಚೆ ಇಟ್ಟಿರಿ ಅನ್ನುವುದು. ಅದೇ ದುಪ್ಪಟ್ಟಾ ದರ್ಗಾಕ್ಕೋ ಗುರುದ್ವಾರಕ್ಕೋ ಹೋದರೆ ತಲೆಗಾಗುತ್ತದೆ, ಚರ್ಚಿನಲ್ಲಿ ಗೆಳತಿಯ ಮಗಳ ಮದುವೆಗೆ ಹೋದರೆ ಹೆಗಲಿಗಾಗುತ್ತದೆ. ಪಂಚೆ ಮಗನ ಬರ್ಮುಡಾ ಮೇಲೆ ಸುತ್ತಲು.

ಹೌದು, ಮಗನ ಬರ್ಮುಡಾ ಮೇಲೆ. ಹೊರಡುವಾಗ ಮಗಳನ್ನು ಮಾತ್ರ ಅಡಿಯಿಂದ ಮುಡಿವರೆಗೆ ನೋಡಿ, "ಬದಲಾಯಿಸಿಕೊಂಡು ಬಾ" ಅಂದು, ಮಗನನ್ನು ಹಾಗೇ ಗಾಡಿ ಹತ್ತಿಸಿಕೊಂಡರೆ ಮಗಳಿಗೆ ಭಕ್ತಿಯ ಬಗ್ಗೆ ಏನು ಅರ್ಥವಾಗುತ್ತದೋ ನೀವೇ ಯೋಚಿಸಿ. ಯಜಮಾನರ ಥ್ರೀ ಫೋರ್ತ್ ಪ್ಯಾಂಟಿಗೂ ಇದೇ ಮಾತು.

ಹೊಸ ಸೊಸೆ ಇರುವ ಮನೆಯಲ್ಲಿ ಅತ್ತೆಯಂದಿರು ಇನ್ನೊಂದು ಹೆಜ್ಜೆ ಮುಂದೆ ಇಡಬೇಕು. ಬೆಂಗಳೂರಿನಲ್ಲಿ ಬೆಳೆದ ಹುಡುಗಿಗೆ ನಿಮ್ಮ ಮನೆದೇವರ ಜಾತ್ರೆಗೆ ಏನುಡಬೇಕು, ತಲೆ ಮೇಲೆ ಸೆರಗು ಹೊದೆಯಬೇಕೋ ಬೇಡವೋ, ಹಸಿರು ಬಳೆ ಬೇಕೇ ಬೇಕೋ ಅಂತ ಹೇಗೆ ಗೊತ್ತಾಗಬೇಕು? "ನಮ್ಮ ಕಡೆ ಹಿಂಗ್ ಉಡ್ತೀವಮ್ಮಾ, ನಿಂಗೆ ಯಾವ್ದು ಒಪ್ಪುತ್ತೆ ನೋಡು" ಅಂತ ಹಿಂದಿನ ದಿನವೇ ಎರಡು ಸೀರೆ ಮಂಚದ ಮೇಲೆ ಇಟ್ಟರೆ ಮುಗಿಯಿತು. ಸೊಸೆಯಂದಿರೇ, ನಿಮಗೂ ಹೇಳುತ್ತೇನೆ. ಮುಂಚೆಯೇ ಕೇಳಿಬಿಡಿ. "ಅತ್ತೇ, ನಾಳೆ ಏನ್ ಉಟ್ಕೊಳ್ಳಲಿ?" ಅಂತ ಕೇಳಿದರೆ ನಿಮ್ಮ ಸ್ವಾತಂತ್ರ್ಯವೇನೂ ಹೋಗುವುದಿಲ್ಲ. ಅವರು ಹೇಳಿದ್ದು ತೀರಾ ಕಷ್ಟವಾದರೆ ಅಲ್ಲೇ ನಗುನಗುತ್ತಾ ಇನ್ನೊಂದು ತೋರಿಸಬಹುದು.

ದೇವಸ್ಥಾನದ ಸಮಿತಿಗಳಲ್ಲಿ, ಭಜನಾ ಮಂಡಳಿಗಳಲ್ಲಿ ಇರುವ ಅಕ್ಕಂದಿರಿಗೆ ಒಂದು ಕೋರಿಕೆ. ಬೋರ್ಡು ಹಾಕಲೇಬೇಕೆಂದರೆ ಹಾಕಿ. ಅದರ ಕೆಳಗೆ ಒಂದು ಪೆಟ್ಟಿಗೆಯನ್ನೂ ಇಡಿ. ಒಂದಿಪ್ಪತ್ತು ಕಾಟನ್ ಶಲ್ಯ, ಹತ್ತು ಪಂಚೆ ಸಾಕು. ಹರಕೆಗೆ ಬಟ್ಟೆ ಕೊಡುವವರು ಯಾವಾಗಲೂ ಇದ್ದೇ ಇರುತ್ತಾರೆ, ಖರ್ಚು ಹುಟ್ಟುವುದು ಕಷ್ಟವಲ್ಲ. ಕಷ್ಟ ಒಗೆಯುವುದರದ್ದು. ಯಾರ್ಯಾರೋ ಹೊದ್ದು ಬೆವರಿದ ಶಲ್ಯವನ್ನು ಎರಡನೇ ದಿನ ಮುಟ್ಟಲು ಯಾರಿಗೂ ಮನಸ್ಸು ಬರುವುದಿಲ್ಲ. ವಾರಕ್ಕಿಬ್ಬರಂತೆ ಸರದಿ ಹಾಕಿಕೊಂಡು ಒಗೆದು, ಬಿಸಿಲಿಗೆ ಹಾಕಿ, ಮಡಿಸಿ ಇಡುವುದಾದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಿ. ಶಲ್ಯ ಕೊಡುವ ಕೆಲಸವನ್ನು ಬಾಗಿಲ ಹತ್ತಿರ ಕೂರುವ ಕಡ್ಡಿಕರ್ಪೂರದ ಅಂಗಡಿಯಾಕೆಗೇ ಒಪ್ಪಿಸಿ. ಬಂದವರನ್ನು ಅವಳಷ್ಟು ಸಲೀಸಾಗಿ ಮಾತಾಡಿಸುವವರು ಸಮಿತಿಯಲ್ಲಿ ಸಿಗುವುದಿಲ್ಲ.